ಪಡುವಣ ಬಾಗಿಲ ಕಲ್ಲುಬಾನಿ: ಶ್ರೀ ಪಥಿಕೇಶ್ವರ ಸ್ವಾಮಿಯ ಮೂದಾರಿಗಿರಿ ಕ್ಷೇತ್ರ ಮಹಿಮೆ

ಭಕ್ತರ ಪಾದಧೂಳಿಯನ್ನೇ ಭಸ್ಮವೆಂದು ಧರಿಸುವ, ನಡೆದು ಬಂದವರ ದೈವವಾದ ಶ್ರೀ ಪಥಿಕೇಶ್ವರ ಸ್ವಾಮಿಗೆ ಮೊದಲು ನಮಸ್ಕರಿಸಿ, ದಣಿದು ಬಂದು ಈ ಮಂಟಪದ ನೆರಳಿನಲ್ಲಿ ಕುಳಿತಿರುವ ಯಾತ್ರಿಕ ಮಹಾಜನರಿಗೆ ಆಮೇಲೆ ನಮಸ್ಕರಿಸಿ, ಮೂದಾರಿಗಿರಿಯ ಪಡುವಣ ಬಾಗಿಲು ಪವಿತ್ರವಾದ ಬಗೆಯನ್ನು ಹಿರಿಯರಿಂದ ಕೇಳಿದಷ್ಟು ನಿವೇದಿಸುತ್ತೇನೆ. ಕಾಲು ಚಾಚಿಕೊಂಡೇ ಓದಬಹುದು. ಸ್ವಾಮಿಗೆ ಅದರಿಂದ ಬೇಸರವಿಲ್ಲ.

ಕೃತಯುಗಾಂತ್ಯದಲ್ಲಿ ಶೀರ್ಣಪಾದನೆಂಬ ಮಹರ್ಷಿಯು ಆಸೇತುಹಿಮಾಚಲ ಪರ್ಯಂತ ಸಕಲ ಪುಣ್ಯಕ್ಷೇತ್ರಗಳನ್ನೂ ಪಾದಚಾರಿಯಾಗಿಯೇ ಸಂದರ್ಶಿಸಿ, ಅಂಗಾಲು ಸವೆದು, ಇನ್ನೊಂದು ಹೆಜ್ಜೆಯನ್ನೂ ಇಡಲಾರದೆ ಈ ಗಿರಿಶಿಖರದಲ್ಲಿ ಕುಳಿತುಬಿಟ್ಟಾಗ, ಪರಮೇಶ್ವರನು ಅವನ ಎದುರಿನ ಬಂಡೆಯಲ್ಲಿ ಸ್ವಯಂಭೂಲಿಂಗರೂಪದಿಂದ ಆವಿರ್ಭವಿಸಿದನು. ನಡೆದು ಬರುವವರ ಪಾದಪ್ರಕ್ಷಾಲನ ಮೊದಲು, ತನ್ನ ಅಭಿಷೇಕ ಆಮೇಲೆ ಎಂದು ಸ್ವಾಮಿಯೇ ಅಪ್ಪಣೆ ಕೊಡಿಸಿದ್ದರಿಂದ, ಮೂರು ದಿಕ್ಕುಗಳಿಂದ ಏರಿ ಬರುವ ಮೂರು ದಾರಿಗಳ ಬಾಗಿಲುಗಳಲ್ಲಿ ಮೂರು ಕಲ್ಲುಬಾನಿಗಳನ್ನು ಇಡಲಾಯಿತು. ಬಂದವರು ಬಾನಿಯೊಳಗೆ ನಿಂತು ಕಾಲು ತೊಳೆಸಿಕೊಂಡೇ ಒಳಗೆ ಹೋಗುವುದು ಅಂದಿನಿಂದ ಬಂದ ಪದ್ಧತಿ.

ಮೂಡಣ ದಾರಿಯು ಎರೆಹೊಲಗಳ ನಡುವೆ ಸಾಲುಮರದ ನೆರಳಿನಲ್ಲಿ, ಹಸಿವಾಗುವ ಮೊದಲೇ ಒಂದೊಂದು ಅನ್ನಛತ್ರ ಎದುರಾಗುವಂತೆ ಬರುವುದರಿಂದ ಅಲ್ಲಿ ಸಹಸ್ರಾರು ಜನ. ತೆಂಕಣ ದಾರಿಗೆ ಕಾಡಿದೆ, ಹಳ್ಳವಿದೆ, ಹಾಡಿಕೊಂಡು ಬರುವ ಭಜನೆಯ ಮೇಳಗಳಿವೆ. ಅಲ್ಲಿ ನೂರಾರು ಜನ. ಪಡುವಣ ದಾರಿಯಾದರೋ ಆರು ಹರದಾರಿ ಬರೀ ಹಾಸುಬಂಡೆ, ಒಂದು ಮರವಿಲ್ಲ, ಒಂದು ಹಿಡಿ ಮಣ್ಣಿಲ್ಲ. ಆಚೆ ಸೀಮೆಯ ಕುರಿಗಾಹಿಗಳಿಗೆ ಬೇರೆ ದಾರಿಯಿಲ್ಲದ್ದರಿಂದ ಅವರು ಹತ್ತೋ ಹನ್ನೆರಡೋ ಮಂದಿ ಅದನ್ನೇ ಹಿಡಿದು ಬರುತ್ತಿದ್ದರು. ಸುತ್ತಿ ಬಂದರೆ ಎಂಟು ದಿನ ಬೇಕು, ಅಷ್ಟು ದಿನ ಮಂದೆಯನ್ನು ಬಿಟ್ಟಿರುವುದು ಅವರಿಂದ ಆಗುವ ಮಾತಲ್ಲ.

ಕಲಿಯುಗ ಕಾಲಿಟ್ಟ ಮೇಲೆ ಭಕ್ತಿಯ ಜೊತೆಗೆ ಜಂಬವೂ ಬೆಟ್ಟ ಹತ್ತಿತು. ಶಿವರಾತ್ರಿಯ ಮರುದಿನ ಬಾನಿಗಳ ನೀರು ಬಸಿದು, ಪಾದಗಳಿಂದ ಇಳಿದು ತಳದಲ್ಲಿ ನಿಂತ ಮಣ್ಣನ್ನು ಗೇಣಿನಿಂದ ಅಳೆದು, ಯಾರ ಮಣ್ಣು ಹೆಚ್ಚೋ ಅವರ ದಾರಿಯೇ ಶ್ರೇಷ್ಠವೆಂದು ಮೀಸೆ ತಿರುವುವುದು ರೂಢಿಯಾಯಿತು. ಮೂಡಣದವರೂ ತೆಂಕಣದವರೂ ದೇವರ ಎದುರಿನಲ್ಲೇ ಕೈ ಕೈ ಮಿಲಾಯಿಸಿದ್ದನ್ನು ಕಂಡು ರೋಸಿಹೋದ ಮಂಡಲೇಶ್ವರ ಮಾಚರಸನು, ಮುಂದಿನ ಶಿವರಾತ್ರಿಯಲ್ಲಿ ಅತ್ಯಲ್ಪ ಮಣ್ಣು ನಿಂತ ದಾರಿಯನ್ನು ಕೈಬಿಟ್ಟು, ಅದರ ಬಾಗಿಲನ್ನು ಕಲ್ಲಿನಿಂದ ಮುಚ್ಚಿಸಿ, ಉಳಿದೆರಡು ದಾರಿಗಳನ್ನೇ ಊರ್ಜಿತಗೊಳಿಸುವುದಾಗಿ ಶಾಸನ ಹೊರಡಿಸಿದನು. ಅರಸನ ಉದ್ದೇಶ ಒಳ್ಳೆಯದೇ, ಆದರೆ ಅವನು ಯಾವತ್ತೂ ಬಂದದ್ದು ಮೂಡಣ ದಾರಿಯಲ್ಲಿ, ಪಲ್ಲಕ್ಕಿಯಲ್ಲಿ.

ಪಡುವಣ ಬಾಗಿಲು ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಆ ಬೋಳುಬಂಡೆಯ ಮೇಲೆ ಹಾಲವ್ವನೆಂಬ ಕುರುಬಗಿತ್ತಿಯ ಅರವಟ್ಟಿಗೆ ಇತ್ತು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಅವಳ ಗಂಡ ಬೀರಯ್ಯನು ಯಾತ್ರೆ ಬರುತ್ತ, ಬಾಯಾರಿ, ಅದೇ ಜಾಗದಲ್ಲಿ ಬಾಗಿಲನ್ನು ನೋಡುತ್ತಲೇ ಪ್ರಾಣ ಬಿಟ್ಟಿದ್ದನು. ಅವಳು ಊರಿಗೆ ಮರಳಲಿಲ್ಲ. ಚಪ್ಪರ ಹಾಕಿ, ದಾರಿ ಬಿಟ್ಟು ಹರದಾರಿ ಕೆಳಗಿನ ಕೆಮ್ಮಣ್ಣಿನ ಹೊಂಡಕ್ಕೆ ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಇಳಿದು ಹತ್ತಿ, ದಾರಿಹೋಕರು ಬರಲಿ ಬಿಡಲಿ ಗಡಿಗೆಗಳನ್ನು ತುಂಬಿಟ್ಟಳು. ಮಜ್ಜಿಗೆಗೆ ಬೇಕೆಂದು ಅಂಗಳದ ಕೆಂಪು ಮಣ್ಣಿನಲ್ಲಿ ಒಂದು ಸಾಲು ಕೊತ್ತಂಬರಿ ಬೆಳೆದುಕೊಂಡಿದ್ದಳು. ಬಂದ ಹತ್ತು ಮಂದಿ ನೀರು ಕುಡಿದು ಬಾಗಿಲು ದಾಟುವುದನ್ನು ನೋಡಿದಾಗಲೆಲ್ಲ ಗಂಡನೇ ಒಳಗೆ ಹೋದಷ್ಟು ಸಮಾಧಾನ ಅವಳಿಗೆ.

ಶಾಸನದ ಸುದ್ದಿ ಕೇಳಿ ಅವಳ ಎದೆ ಒಡೆಯಿತು. ಆ ಶಿವರಾತ್ರಿಯ ಹಗಲು, ಪಡುವಣ ಬಾಗಿಲಲ್ಲಿ ಕಾವಲಿಗೆ ಯಾರೂ ಇರದಿದ್ದುದರಿಂದ, ಆ ಸಾಧ್ವಿಯು ಕೊತ್ತಂಬರಿಯನ್ನು ಕಿತ್ತು ಬದಿಗಿಟ್ಟು, ಅಂಗಳವನ್ನೇ ಅಗೆದು, ಬುಟ್ಟಿಗಟ್ಟಲೆ ಮಣ್ಣು ಹೊತ್ತು ತಂದು ಬಾನಿಗೆ ಸುರಿದಳು. ಉಳಿದವರ ಬಾನಿಗಳಲ್ಲಿ ಎಷ್ಟಿದೆಯೋ ತಿಳಿಯದು, ಕಡಿಮೆ ಬಿದ್ದೀತೆಂದು ಇನ್ನೊಂದು ಬುಟ್ಟಿ, ಮತ್ತೊಂದು ಬುಟ್ಟಿ ಸುರಿಯುತ್ತ ಬಾನಿ ತುಂಬಿ ಹೊರಚೆಲ್ಲುವವರೆಗೂ ನಿಲ್ಲಿಸಲಿಲ್ಲ. ಮೋಸ ಮಾಡಿ ಅಭ್ಯಾಸವಿಲ್ಲದವರು ಮಾಡುವ ಮೋಸ ಹೀಗೇ ಇರುತ್ತದೆ.

ಮರುದಿನ ಅಳತೆಯಾಯಿತು. ಮೂಡಣ ಬಾನಿಯಲ್ಲಿ ಗೇಣು ಮಣ್ಣು, ತೆಂಕಣದಲ್ಲಿ ನಾಲ್ಕು ಬೆರಳು, ಪಡುವಣದಲ್ಲಿ ಸೊಂಟದುದ್ದ! ದೇವಾಲಯದ ಸ್ಥಾನಾಚಾರ್ಯರಾದ ಬೋಧರಾಶಿ ಪಂಡಿತರು ಒಂದು ಮುಷ್ಟಿ ಎತ್ತಿ ನೋಡಿ ಅವಳ ಕಡೆ ತಿರುಗಿದರು.

"ಹಾಲವ್ವಾ, ಈ ವರ್ಷ ನಿನ್ನ ದಾರೀಲೆ ಎಷ್ಟು ಮಂದಿ ಬಂದ್ರವಾ?"

"ಹನ್ನೊಂದು ಮಂದಿರೀ, ಅಪ್ಪಾರ."

"ಹನ್ನೊಂದು ಮಂದಿ ಕಾಲಾಗ ಇಷ್ಟು ಮಣ್ಣ ಬಂತೇನು?"

ಹಾಲವ್ವ ಕೈಮುಗಿದಳು. "ನಾನ ಹಾಕೇನ್ರೀ. ನನ್ನ ಅಂಗಳದ ಮಣ್ಣ. ಸುಳ್ಳ ಮಾಡಾಕ ಹೋದೆ, ಅದೂ ನನಗ ಬರಲಿಲ್ಲ. ಏನ ಶಿಕ್ಷಾ ಕೊಡ್ತೀರಿ ನನಗ ಕೊಡ್ರಿ, ಬಾಗಿಲಾ ಮಾತ್ರ ಮುಚ್ಚಬ್ಯಾಡ್ರೀ. ನನ್ನ ಗಂಡ ಇದನ್ನ ನೋಡ್ಕೋತ ಜೀವಾ ಬಿಟ್ಟಾನ."

ಜನ ನಕ್ಕರು. ಮಾಚರಸನು ನಗಲಿಲ್ಲವಾದರೂ, ಕೊಟ್ಟ ಮಾತಿಗೆ ತಪ್ಪಲಾರದೆ, "ಕಲ್ಲು ತರ್ರಿ" ಎಂದು ಆಳುಗಳಿಗೆ ಆಜ್ಞಾಪಿಸಿದನು. ಮೊದಲ ಕಲ್ಲನ್ನು ಹೊಸ್ತಿಲ ಮೇಲೆ ಇಡುತ್ತಿರುವಾಗಲೇ, ಗರ್ಭಗೃಹದ ಘಂಟೆಗಳು ತಾವಾಗಿಯೇ ಮೊಳಗಿ, ಮೇಘಗಂಭೀರವಾದ ವಾಣಿಯೊಂದು ಕೇಳಿಬಂದಿತು:

"ಎಲೈ ಮಾಚರಸನೇ, ಆರು ಹರದಾರಿ ಹಾಸುಬಂಡೆಯ ನಡುವೆ ಇವಳ ಅಂಗಳಕ್ಕೆ ಮಾತ್ರ ಮಣ್ಣು ಎಲ್ಲಿಂದ ಬಂದಿತೆಂದು ನಿಮ್ಮಲ್ಲಿ ಒಬ್ಬನಾದರೂ ಕೇಳಿದನೇ? ಹೊಂಡದ ಕೆಸರು ಇವಳ ಒದ್ದೆಗಾಲಿಗೆ ಅಂಟಿ, ಇಪ್ಪತ್ತನಾಲ್ಕು ವರ್ಷ, ದಿನಕ್ಕೆರಡು ಬಾರಿ ಆ ಬಂಡೆಯ ಮೇಲೆ ಉದುರಿ ಅಂಗಳವಾಯಿತು. ಈ ಬಾನಿಯಲ್ಲಿರುವುದು ಕಣಕಣವೂ ಪಾದದಿಂದಿಳಿದ ಮಣ್ಣೇ. ನನ್ನ ಮೂರು ದಾರಿಗಳಲ್ಲಿ ಇವಳಷ್ಟು ನಡೆದವರು ಬೇರೆ ಯಾರೂ ಇಲ್ಲ. ಅಷ್ಟು ನಡೆದೂ ಇವಳು ಒಮ್ಮೆಯೂ ನನ್ನ ಬಳಿಗೆ ಬರಲಿಲ್ಲ, ನೀರು ತರಲು ತಡವಾದೀತೆಂದು ಅಲ್ಲಿಂದಲೇ ಕೈಮುಗಿದಳು. ಇಂದು ಬಂದಿದ್ದಾಳೆ, ಇವಳ ಕಾಲು ತೊಳೆಯಿರಿ."

ಮಾಚರಸನು ಕಿರೀಟವನ್ನು ಕೆಳಗಿಟ್ಟು, ಹೊಸ್ತಿಲ ಕಲ್ಲನ್ನು ತನ್ನ ಕೈಯಾರೆ ತೆಗೆದು, ಸಂಕೋಚದಿಂದ ಹಿಂದೆ ಸರಿಯುತ್ತಿದ್ದ ಹಾಲವ್ವನನ್ನು ಕೈಹಿಡಿದು ಕರೆತಂದು ಬಾನಿಯಲ್ಲಿ ನಿಲ್ಲಿಸಿದನು. ಬಿರುಕು ಬಿಟ್ಟ ಆ ಹಿಮ್ಮಡಿಗಳು ಸೋಕಿದ್ದೇ ತಡ, ಮಣ್ಣು ತಾನಾಗಿ ಇಬ್ಭಾಗವಾಗಿ, ಬಾನಿಯ ತಳದ ಬಂಡೆ ಸೀಳಿ, ತಣ್ಣನೆಯ ಸಿಹಿನೀರು ಉಕ್ಕಿ, ಹೊಸ್ತಿಲು ದಾಟಿ, ಪಡುವಣ ದಾರಿಗುಂಟ ಅವಳ ಅರವಟ್ಟಿಗೆಯವರೆಗೂ ಹರಿಯಿತು. "ಇನ್ನ ನಾನು ಹೊಂಡಕ್ಕ ಹೋಗೂದು ಬ್ಯಾಡೇನೋ ಯಪ್ಪಾ?" ಎಂದು ಹಾಲವ್ವ ಸ್ವಾಮಿಯನ್ನೇ ಕೇಳಿ ಅತ್ತಳಂತೆ. ಆಮೇಲೆ ಅವಳು ಒಳಗೆ ಹೋಗಿ ದೇವರನ್ನು ಕಣ್ತುಂಬ ನೋಡಿದಳು.

ಆ ಬುಗ್ಗೆಯೇ ಇಂದು ನೀವು ಕಾಣುವ ಹಾಲವ್ವನ ಬಾನಿ. ಎಂಥ ಬೇಸಗೆಯಲ್ಲೂ ಇದು ಬತ್ತಿದ್ದನ್ನು ಕಂಡವರಿಲ್ಲ. ಬಾನಿಯ ಪಕ್ಕದ ಕೆಂಪು ದಿಬ್ಬವು ಅವಳು ಹೊತ್ತು ತಂದ ಮಣ್ಣು. ಭಕ್ತರು ಅದನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ. ಅಂದಿನಿಂದ ಮಣ್ಣು ಅಳೆಯುವ ಪದ್ಧತಿ ನಿಂತಿದೆ, ಜಂಬ ಮಾತ್ರ ಪೂರ್ತಿ ನಿಂತಿಲ್ಲ. ಈಗಲೂ ಮೂಡಣ ದಾರಿಯದೇ ಜನಜಾತ್ರೆ. ಅಲ್ಲಿ ಡಾಂಬರು ಬಂದಿದೆ, ದೀಪದ ಕಂಬ ಬಂದಿದೆ, ಕಾಲುನೋವಿಗೆ ಮುಲಾಮು ಹಚ್ಚುವ ಸೇವಾಕರ್ತರೂ ಬಂದಿದ್ದಾರೆ. ಅವರೆಲ್ಲರಿಗೂ ಕ್ಷೇತ್ರವು ಋಣಿಯಾಗಿದೆ. ತೆಂಕಣದವರ ಭಜನೆ ಇಲ್ಲದೆ ಬೆಟ್ಟಕ್ಕೆ ಶಿವರಾತ್ರಿಯ ಕಳೆಯೇ ಇಲ್ಲ. ಪಡುವಣದಿಂದ ಬರುವವರು ಇಂದಿಗೂ ಬೆರಳೆಣಿಕೆಯಷ್ಟೇ. ಆದರೂ ಶಿವರಾತ್ರಿಯ ದಿನ ಆ ಬಾಗಿಲಿನಿಂದ ಒಬ್ಬರಾದರೂ ಬಂದು ಕಾಲು ತೊಳೆಸಿಕೊಳ್ಳದೆ ಸ್ವಾಮಿಗೆ ಅಭಿಷೇಕವಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ, ಆಚೆ ಸೀಮೆಯ ಕುರಿಗಳಿಗೆ ರೋಗ ಬಂದಾಗ, ಮಧ್ಯಾಹ್ನ ಕಳೆದರೂ ಆ ದಾರಿಯಲ್ಲಿ ಒಂದು ನರಪಿಳ್ಳೆ ಕಾಣಲಿಲ್ಲ. ಸಾವಿರಾರು ಜನ ಅಭಿಷೇಕಕ್ಕೆ ಕಾದು ನಿಂತಿದ್ದರು. ಎಪ್ಪತ್ತು ದಾಟಿದ ನಮ್ಮ ಅರ್ಚಕರು ಕೋಲು ಹಿಡಿದು, ಬರಿಗಾಲಿನಲ್ಲಿ, ಕಾದ ಬಂಡೆಯ ಮೇಲೆ ಅರವಟ್ಟಿಗೆಯವರೆಗೆ ಇಳಿದು, ಅಲ್ಲಿಂದ ಯಾತ್ರಿಕರಾಗಿ ತಿರುಗಿ ನಡೆದು ಬಂದರು. ಅವರು ಬಾನಿಯಲ್ಲಿ ನಿಂತಾಗ, ಅವರ ಕಾಲು ತೊಳೆಯಲು ಮೂಡಣದವರೂ ತೆಂಕಣದವರೂ ತಂಬಿಗೆ ಹಿಡಿದು ಸಾಲುಗಟ್ಟಿದ್ದರು.