ಕೆರೆಯ ಮೇಲೆ ಎಣ್ಣೆ ಕೊಳವೆ

ಒಂದು ಕಾಡಿನಲ್ಲಿ ಯಾರ ಹೆಸರಿಗೂ ಸೇರದ ಕೆರೆಯೊಂದಿತ್ತು. ಅದಕ್ಕೇ ಇರಬೇಕು, ಎಲ್ಲರೂ ಅದನ್ನು ಚೊಕ್ಕಟವಾಗಿ ಇಟ್ಟುಕೊಂಡಿದ್ದರು. ಕೆರೆಯ ಜೊಂಡಿನಲ್ಲಿ ಒಂದು ನೀರುಕೋಳಿ ಮೊಟ್ಟೆಗಳಿಗೆ ಕಾವು ಕೊಡುತ್ತಿತ್ತು.

ಈಚೆ ಗುಡ್ಡದಲ್ಲಿ ಒಂದು ನರಿ ಹೊಂಗೆ ಎಣ್ಣೆ ತೆಗೆಯುತ್ತಿತ್ತು. ಆಚೆ ದಡದ ಹಂದಿಗಳಿಗೆಲ್ಲ ಕಜ್ಜಿ, ಹಾಗಾಗಿ ಎಣ್ಣೆಗೆ ಒಳ್ಳೆಯ ಗಿರಾಕಿ. ಗಡಿಗೆ ಹೊತ್ತು ಕೆರೆ ಸುತ್ತಿ ಹೋಗಲು ನರಿಗೆ ಬೇಸರ. ಹಸಿ ಬಿದಿರು ಕಡಿದು, ಗಂಟು ಕೊರೆದು, ಒಂದಕ್ಕೊಂದು ಸೇರಿಸಿ, ಬಳ್ಳಿಯಿಂದ ಬಿಗಿದು, ಕೆರೆಯ ಮೇಲೆಯೇ ಕೊಳವೆ ಹಾಯಿಸಲು ಹೊರಟಿತು. ಅದಕ್ಕೆ 'ಕಾಡಿನ ಏಳಿಗೆ' ಎಂದು ಹೆಸರಿಟ್ಟಿತು.

ಸಭೆ ಸೇರಿತು.

"ಎಣ್ಣೆ ಸೋರಿದರೆ ನನ್ನ ಮರಿಗಳ ಗತಿ ಏನು ನರಿಯಣ್ಣ? ಪುಕ್ಕಕ್ಕೆ ಎಣ್ಣೆ ಮೆತ್ತಿದರೆ ನಾವು ತೇಲುವುದಿಲ್ಲ, ಮುಳುಗುತ್ತೇವೆ," ಎಂದಿತು ನೀರುಕೋಳಿ.

"ಅಯ್ಯೋ ತಂಗಿ, ನಿನ್ನ ನಾಲ್ಕು ಮೊಟ್ಟೆಗೋಸ್ಕರ ಕಾಡೆಲ್ಲ ಹಿಂದುಳಿಯಬೇಕಾ? ಪಂಡಿತರನ್ನೇ ಕೇಳು."

ಪಂಡಿತರೆಂದರೆ ಗೂಬೆ. ಹಿಂದಿನ ರಾತ್ರಿಯಷ್ಟೇ ನರಿಯ ಮನೆಯಲ್ಲಿ ಇಲಿಯೂಟ ಮುಗಿಸಿತ್ತು. ಗಂಟಲು ಸರಿಮಾಡಿಕೊಂಡು, "ಜೋಡಿಸಿದ ಕೊಳವೆಗೆ ಎಣ್ಣೆ ಬಿಡಿಸಿ, ಪಕ್ಕದಲ್ಲೇ ಕೂತು ಪರೀಕ್ಷಿಸಿದ್ದೇನೆ. ಬೆಳಗಿನಿಂದ ಸಂಜೆವರೆಗೆ ಒಂದು ತೊಟ್ಟು ಸೋರಿದ್ದೂ ನನ್ನ ಕಣ್ಣಿಗೆ ಬೀಳಲಿಲ್ಲ," ಎಂದಿತು.

"ಹಗಲು ಹೊತ್ತು ನಿಮ್ಮ ಕಣ್ಣಿಗೆ ಆನೆಯೂ ಬೀಳುವುದಿಲ್ಲವಲ್ಲ ಸ್ವಾಮಿ," ಎಂದಿತು ಮುದಿ ಆಮೆ.

ಗೂಬೆ ಕೇಳಿಸಿಕೊಳ್ಳಲಿಲ್ಲ. ಪಂಡಿತರಿಗೆ ಆ ವಿದ್ಯೆಯೂ ಬರುತ್ತದೆ.

ನೀರುಕೋಳಿ ಸ್ವಲ್ಪ ಯೋಚಿಸಿತು. "ಸರಿ ಅಣ್ಣ. ಗುರುತಿಲ್ಲದ ಹಣ್ಣು ತಂದರೆ ತಂದವರೇ ಮೊದಲು ತಿನ್ನುವುದು, ಉಳಿದವರು ಕಾದು ನೋಡುವುದು ನಮ್ಮ ಕಾಡಿನ ವಾಡಿಕೆ. ಕೊಳವೆಯೂ ಹಾಗೇ ಆಗಲಿ. ಮೊದಲು ನಿನ್ನ ಗವಿಯ ಮೇಲೆ ಹಾಯಲಿ. ಒಂದು ಹುಣ್ಣಿಮೆ ಕಳೆದ ಮೇಲೆ ಕೆರೆಯ ಮಾತು."

ಎಲ್ಲರೂ ಹೌದೆಂದು ತಲೆಯಾಡಿಸಿದರು. ಒಂದು ತೊಟ್ಟೂ ಸೋರಲಿಲ್ಲ ಎಂಬ ಮಾತನ್ನು ಗೂಬೆಗೆ ಕಲಿಸಿಕೊಟ್ಟದ್ದು ನರಿಯೇ. ಆದರೆ ತುಂಬಿದ ಸಭೆಯಲ್ಲಿ ಅಷ್ಟು ಗಂಭೀರವಾಗಿ ಕೇಳಿದಾಗ ಅದಕ್ಕೂ ನಿಜವೆನಿಸಿಬಿಟ್ಟಿತ್ತು. "ಅದಕ್ಕೇನಂತೆ," ಎಂದಿತು.

ಕೊಳವೆ ಗವಿಯ ಮೇಲೆ ಹಾಯಿತು. ಬಿಸಿಲಿಗೆ ಹಸಿ ಬಿದಿರು ಒಣಗಿತು, ಬಳ್ಳಿ ಸಡಿಲವಾಯಿತು. ಒಂದು ಮಧ್ಯಾಹ್ನ ನರಿ ಉಂಡು ಮಲಗಿದ್ದಾಗ ಬಿದಿರು ಸೀಳಿಹೋಗಿ, ಎಣ್ಣೆಯೆಲ್ಲ ಗವಿಯೊಳಗೆ ಇಳಿಯಿತು. ಹಾಸಿಗೆ, ಕೂಡಿಟ್ಟ ಮಾಂಸ, ಬಾಲ, ಎಲ್ಲವೂ ಕಹಿ ಎಣ್ಣೆಯಲ್ಲಿ ತೊಯ್ದವು. ನರಿ ಜಾರುತ್ತಾ ಏಳುತ್ತಾ ಕೆರೆಗೆ ಓಡಿ ಬಂತು. ದಡದಲ್ಲಿ ಕಾಡಿಗೆ ಕಾಡೇ ಅಡ್ಡ ನಿಂತಿತ್ತು.

"ದಾರಿ ಬಿಡಿ, ಮೈ ತೊಳೆಯಬೇಕು."

"ಇಲ್ಲಿ ಇಳಿಯಬೇಡ ಅಣ್ಣ," ಗೂಡಿನಿಂದ ಏಳದೆಯೇ ಹೇಳಿತು ನೀರುಕೋಳಿ. "ಎಣ್ಣೆಗೆ ಸೀಗೆಕಾಯಿಯೇ ಆಗಬೇಕು. ಗುಡ್ಡದಾಚೆ ಸೀಗೆ ಮೆಳೆ ಇದೆ. ಮುಳ್ಳು ಸ್ವಲ್ಪ ಜಾಸ್ತಿ, ನೋಡಿಕೊಂಡು ಹೋಗು."

ಸಂಜೆವರೆಗೂ ಗುಡ್ಡದಾಚೆಯಿಂದ ಊಳು ಕೇಳಿಸುತ್ತಿತ್ತು. ನರಿ ಮತ್ತೆ ಗಡಿಗೆ ಹೊತ್ತು ಕೆರೆ ಸುತ್ತತೊಡಗಿದ ದಿನ, ನೀರುಕೋಳಿಯ ಮರಿಗಳು ನೀರಿಗಿಳಿದು ತೇಲಿದವು.

ನೀತಿ: ಅಪಾಯವಿಲ್ಲ ಎನ್ನುವವರು ಅದನ್ನು ಮೊದಲು ತಮ್ಮ ಮನೆಯ ಮೇಲೆ ಹಾಯಿಸಿಕೊಂಡು ತೋರಿಸಲಿ.