ಪುಕ್ಕಟೆ ಹೂವು

"ನಮ್ಮ ಆ್ಯಪ್ ಹಾಕ್ಕೊಳ್ಳದೋರಿಗೆ ನಾಳೆಯಿಂದ ಇಲ್ಲಿ ಜಾಗ ಇಲ್ಲ!" ಹೂವಿನ ಮಾರುಕಟ್ಟೆಯ ಅಧ್ಯಕ್ಷ ಪುಟ್ಟಲಿಂಗಪ್ಪ ಗುಡುಗಿದ. "ಪುಕ್ಕಟೆ ಕೊಡ್ತಿದ್ದೀನಿ. ಒಪ್ಪಿಗೆ ಅಂತ ಒತ್ತು!"

ಹೂವಾಡಗಿತ್ತಿ ತನ್ನ ಫೋನು ನೋಡಿದಳು. ನೆಂಟರ ನಂಬರು, ಮಗಳ ಫೋಟೊ, ಮನೆಯೊಳಗಿನ ಮಾತು, ಎಲ್ಲವನ್ನೂ ಆ್ಯಪ್ ಕೇಳುತ್ತಿತ್ತು. ಕಳ್ಳನೂ ಇಷ್ಟು ಕೇಳುವುದಿಲ್ಲ. ಅವಳ ಮೈಯೆಲ್ಲ ಉರಿಯಿತು. ಎರಡು ಮೊಳ ಮಲ್ಲಿಗೆ ಅಳೆದು, ಮೇಲೊಂದು ಗೇಣು ಕೊಸರು ಬಿಟ್ಟು, ಅಧ್ಯಕ್ಷನ ಕೈಗಿಟ್ಟಳು.

"ಇದೂ ಪುಕ್ಕಟೆ, ತಗೊಳ್ಳಿ."

ಅವನು ಹಲ್ಲು ಕಿರಿದು ತೆಗೆದುಕೊಂಡ. ತಕ್ಷಣ ಅವಳು ಅವನ ಹೆಗಲಲ್ಲಿದ್ದ ಚೀಲ ಕಿತ್ತು ಗೋಣಿಯ ಮೇಲೆ ಸುರಿದಳು. ಒಂದೊಂದೇ ಕಾಗದ ಬಿಡಿಸಿ ಓದತೊಡಗಿದಳು.

"ಏಯ್, ಯಾರನ್ನ ಕೇಳಿ ಕೈ ಹಾಕ್ದೆ?"

"ಹೂವು ತಗೊಂಡ್ರಲ್ಲ, ಅದೇ ಒಪ್ಪಿಗೆ."

ಬೆವರಿದ ಅಧ್ಯಕ್ಷ ಹೂವನ್ನು ಬುಟ್ಟಿಗೆ ಎಸೆದ. "ತಗೋ ನಿನ್ನ ಹೂವು! ಕೊಡು ನನ್ನ ಚೀಲ!"

ಅವಳು ಎಲ್ಲವನ್ನೂ ತುಂಬಿ ಚೀಲ ಕೊಟ್ಟಳು. "ಹೂವು ವಾಪಸ್ ಬಂತು ಸ್ವಾಮಿ. ನಾನು ಓದಿದ್ದನ್ನ ಹೇಗೆ ವಾಪಸ್ ಕೊಡ್ಲಿ?"