ಮೆದು ಕಬ್ಬಿಣದ ಕಡ್ಡಿ

"ಅಮ್ಮಾ, ತೀರದ ಊರಿನವರು ಪಾಠ ಹೇಳುವವರು ಬೇಕೆಂದಾಗ ನೀವು ಗಂಗವ್ವನನ್ನು ಕಳಿಸಿದಿರಿ. ನನ್ನನ್ನೇಕೆ ಕಳಿಸಲಿಲ್ಲ?" ಎಂದು ಶಿಷ್ಯೆ ಕೇಳಿದಳು. "ನಿಮ್ಮ ಎದುರು ಕುಳಿತರೆ ನಾನು ಹತ್ತು ಪ್ರಶ್ನೆಗೆ ಹತ್ತು ಉತ್ತರ ಕೊಡುತ್ತೇನೆ. ಅವಳು ಮೂರು ಮುಗಿಸುವಷ್ಟರಲ್ಲಿ ಸಂಜೆಯಾಗುತ್ತದೆ. ಅವಳು ಹೊರಟ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ."

ಗುರುಮಾತೆ ಹೇಳಿದರು:

ಒಂದು ಬಂದರಿನಲ್ಲಿ ಒಬ್ಬ ಕಮ್ಮಾರನಿದ್ದ. ಉಕ್ಕಿನ ಸೂಜಿಯನ್ನು ಸೂಜಿಗಲ್ಲಿಗೆ ಉಜ್ಜಿ, ದಿಕ್ಕು ತೋರಿಸುವಂತೆ ಮಾಡಿ ದೋಣಿಯವರಿಗೆ ಕೊಡುತ್ತಿದ್ದ. ಅದನ್ನು ಬೆಂಡಿಗೆ ಚುಚ್ಚಿ ನೀರಿನ ಬಟ್ಟಲಲ್ಲಿ ತೇಲಿಬಿಟ್ಟರೆ ಅದು ಉತ್ತರಕ್ಕೆ ತಿರುಗಿ ನಿಲ್ಲುತ್ತಿತ್ತು.

ಆ ಬಂದರಿನಲ್ಲಿ ದೋಣಿ ನಡೆಸುವ ತಂಡೇಲರು ಇಬ್ಬರು. ಮೊದಲನೆಯವನ ಬಳಿ ಕಮ್ಮಾರನ ಸೂಜಿಯಿತ್ತು. ಎಂಥ ಮಂಜಿನಲ್ಲೂ ಅವನು ದಾರಿ ತಪ್ಪುತ್ತಿರಲಿಲ್ಲ. ವ್ಯಾಪಾರಿಗಳು ಅವನನ್ನೇ ಕರೆಯುತ್ತಿದ್ದರು. ಅವನ ಹಾಯಿ ಕಂಡರೆ ಎರಡನೆಯವನಿಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಎರಡನೆಯವನು ಕಮ್ಮಾರನ ಅಂಗಡಿಗೆ ಬಂದ. ಕಮ್ಮಾರ ಹೊಸ ಸೂಜಿಯೊಂದನ್ನು ಬೆಳಗಿನಿಂದ ಉಜ್ಜುತ್ತಿದ್ದ. ಅದು ಎರಡು ಗುಂಡುಸೂಜಿಗಳನ್ನಷ್ಟೇ ಎತ್ತಿತು. ಪಕ್ಕದಲ್ಲಿ ಸೂಜಿಗಲ್ಲಿಗೆ ಮೆದು ಕಬ್ಬಿಣದ ಕಡ್ಡಿಯೊಂದು ಅಂಟಿಕೊಂಡಿತ್ತು. ಅದರ ತುದಿಯಲ್ಲಿ ಒಂಬತ್ತು ಗುಂಡುಸೂಜಿಗಳು ತೂಗುತ್ತಿದ್ದವು.

"ನನಗೆ ಆ ಕಡ್ಡಿ ಕೊಡು," ಎಂದ ತಂಡೇಲ.

"ಅದು ಮಾರುವುದಲ್ಲ ಮಾರಾಯಾ. ಕಲ್ಲಿನ ಬಲ ನೋಡಲು ಇಟ್ಟುಕೊಂಡದ್ದು. ಕಲ್ಲಿನಿಂದ ಬಿಡಿಸಿ ನೋಡು."

ತಂಡೇಲ ಬಿಡಿಸಿದ. ಒಂಬತ್ತೂ ಉದುರಿದವು.

"ನನ್ನ ಕೈ ಅಲುಗಿತು, ಅದಕ್ಕೇ ಬಿದ್ದವು."

"ಕೈಯಲ್ಲ. ಆ ಬಲ ಕಲ್ಲಿನದು, ಕಡ್ಡಿಯದಲ್ಲ. ಸೂಜಿ ಕಷ್ಟಪಟ್ಟು ಪಡೆಯುತ್ತದೆ, ಪಡೆದದ್ದನ್ನು ಇಟ್ಟುಕೊಳ್ಳುತ್ತದೆ."

"ಇದನ್ನು ಆ ಇನ್ನೊಬ್ಬ ತಂಡೇಲನಿಗೆ ಕೊಡುತ್ತೇನೆಂದು ಮೊದಲೇ ಮಾತು ಕೊಟ್ಟಿದ್ದೀಯ, ಅಲ್ಲವೇ? ಒಳ್ಳೆಯದೆಲ್ಲ ಅವನಿಗೆ, ಉಳಿದದ್ದು ನನಗೆ! ಅವನೇನು ನಿನ್ನ ಅಳಿಯನೇ?"

ಕಮ್ಮಾರ ಹೊಸ ಸೂಜಿಯನ್ನು ಅವನತ್ತ ಹಿಡಿದ. ತಂಡೇಲ ಅದನ್ನು ಮುಟ್ಟಲಿಲ್ಲ. ಕಡ್ಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದುಬಿಟ್ಟ.

ಆರು ಜನರನ್ನು ಕರೆದುಕೊಂಡು ಅವನು ಕಡಲಿಗಿಳಿದ. ಮರಳುವಾಗ ಮಂಜು ಕವಿಯಿತು. ಅವನು ಕಡ್ಡಿಯನ್ನು ಬೆಂಡಿಗೆ ಚುಚ್ಚಿ ಬಟ್ಟಲಲ್ಲಿ ತೇಲಿಬಿಟ್ಟ. ಅದು ಹೇಗೆ ಇಟ್ಟರೆ ಹಾಗೆಯೇ ನಿಂತಿತು. ಆಗ ಬಲಗಡೆಯಿಂದ ಶಂಖದ ಸದ್ದು ಕೇಳಿತು. ಮೊದಲನೆಯ ತಂಡೇಲ ತನ್ನ ದೋಣಿಯಿಂದ ಊದುತ್ತಿದ್ದ.

"ಅಣ್ಣಾ, ಅವರ ಹಿಂದೆ ಹೋಗೋಣ. ಅವರು ದಾರಿ ಬಲ್ಲವರು," ಎಂದರು ಜೊತೆಯವರು.

"ಅವನ ಹಿಂದೆ ನಾನೇ? ನನ್ನದು ಒಂಬತ್ತು ಎತ್ತಿದ ಕಡ್ಡಿ!" ಎಂದು ಅವನು ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿದ.

ದೋಣಿ ಬಂಡೆಗೆ ಬಡಿದು ಒಡೆಯಿತು. ಶಂಖ ಊದಿದವನೇ ಬಂದು ಅವನನ್ನೂ ನಾಲ್ವರನ್ನೂ ನೀರಿನಿಂದ ಎಳೆದುಕೊಂಡ. ಇಬ್ಬರು ಸಿಗಲಿಲ್ಲ.

ಗುರುಮಾತೆ ಕತೆ ನಿಲ್ಲಿಸಿದರು.

ಶಿಷ್ಯೆಯ ಮುಖ ಕೆಂಪಾಯಿತು. "ಗಂಗವ್ವ ಸೂಜಿ, ನಾನು ಕಡ್ಡಿ ಎನ್ನುತ್ತೀರಾ? ಹಾಗೆಂದು ನಿಮಗೆ ಹೇಗೆ ಗೊತ್ತು?"

ಗುರುಮಾತೆ ಕೇಳಿದರು: "ಹೋದ ತಿಂಗಳು ನಾನು ಹದಿನೈದು ದಿನ ಇಲ್ಲಿರಲಿಲ್ಲ, ಮಗಳೇ. ಆ ಹದಿನೈದರಲ್ಲಿ ನೀನು ಎಷ್ಟು ದಿನ ಓದಲು ಕುಳಿತೆ?"